ಹದಿಮೂರು ನಿಮಿಷದ ವೇಸ್ಟು

ಪಿತೃಪಕ್ಷಕ್ಕೆ ಇನ್ನೂ ಮೂರು ವಾರ ಇತ್ತು. ಭಾನುವಾರ ಬೆಳಿಗ್ಗೆ ಊರಿಂದ ಅವ್ವನ ಫೋನು.

“ಏನ್ಲಾ ಮಗಾ, ಅಮೆರಿಕದಿಂದ ಬಂದಾಗ ತಾತನ್ನ ಅದೇನೋ ಮಿಷಿನ್ನಲ್ಲಿ ಹಿಡ್ಕೊಂಡಿದ್ಯಲ್ಲ, ಅದು ಐತಾ? ಎಡೆ ಇಡೋ ದಿನ ಟಿವಿಲಿ ಹಾಕೋಕಾಯ್ತದಾ? ಫೋಟೋದಲ್ಲಿ ನೋಡಿದ್ರೆ ಅವರು ಅವರಂಗೇ ಇಲ್ಲ.”

ಅವ್ವ ಹೇಳಿದ್ದು ನಿಜ. ನಮ್ಮನೆ ಗೋಡೆ ಮೇಲಿರೋ ತಾತನ ಫೋಟೋ ವೋಟರ್ ಐಡಿ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದನ್ನು ತೆಗೆದ ಪುಣ್ಯಾತ್ಮ ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿಸಿ ಕೂರಿಸಿದ್ದ. ಸ್ನಾನ ಮಾಡುವಾಗ ಬಿಟ್ಟರೆ ಟವಲ್ಲಿಲ್ಲದ ತಾತನನ್ನು ನಾವ್ಯಾರೂ ಕಂಡವರಲ್ಲ. ಹಾಗಾಗಿ ಪ್ರತಿ ವರ್ಷ ನಾವು ಎಡೆ ಇಟ್ಟು ಕೈ ಮುಗಿಯುತ್ತಿದ್ದದ್ದು ತಾತನ ಥರ ಇರುವ ಯಾರೋ ಒಬ್ಬರಿಗೆ.

“ಆಯ್ತದೆ ಬುಡವ್ವ. ಒಂದು ಸಂಜೆ ಕೆಲಸ ಅಷ್ಟೇ” ಅಂದೆ. ಸಾಫ್ಟ್‌ವೇರ್‌ನವರು ‘ಒಂದು ಸಂಜೆ ಕೆಲಸ’ ಅಂದರೆ ಏನರ್ಥ ಅಂತ ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನಕ್ಕಾದರೂ ಗೊತ್ತಿರುತ್ತೆ.

ಮಿಷಿನ್ನಿನ ಕಥೆ ಮೊದಲು ಹೇಳಿಬಿಡ್ತೀನಿ. 2001ರಲ್ಲಿ ಕಂಪನಿಯವರು ನನ್ನನ್ನು ನ್ಯೂಜೆರ್ಸಿಗೆ ಕಳಿಸಿದರು. ಅಲ್ಲಿಗೆ ಹೋದ ನಮ್ಮವರೆಲ್ಲ ಮೊದಲ ಮೂರು ತಿಂಗಳಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಹ್ಯಾಂಡಿಕ್ಯಾಮ್ ತಗೊಳ್ತಿದ್ದರು. ನಾನೂ ತಗೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಿನಿಡಿವಿ ಕ್ಯಾಸೆಟ್ಟು, ಒಂದೊಂದಕ್ಕೆ 60 ನಿಮಿಷ. ನಯಾಗರಾ ಜಲಪಾತ ಹಿಡಿದೆ, ಹಿಮ ಬೀಳೋದು ಹಿಡಿದೆ, ಬಾಡಿಗೆ ಕಾರಿನ ಪಕ್ಕ ನಿಂತು ನನ್ನನ್ನೇ ಹಿಡಿಸಿಕೊಂಡೆ. 2002ರ ಜನವರಿಯಲ್ಲಿ ಸಂಕ್ರಾಂತಿಗೆ ರಜೆ ಹಾಕಿ ಊರಿಗೆ ಬಂದಾಗ ಅದೂ ಹೆಗಲಿಗೆ ನೇತಾಡುತ್ತಿತ್ತು.

ನಮ್ಮೂರು ನುಗ್ಗೇಹಳ್ಳಿ. ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ. ಹೊಯ್ಸಳರ ಕಾಲದ ದೇವಸ್ಥಾನಗಳನ್ನು ಹುಡುಕಿಕೊಂಡು ಹೋಗುವವರಿಗೆ ಲಕ್ಷ್ಮೀನರಸಿಂಹ ದೇವಸ್ಥಾನದಿಂದ ಗೊತ್ತು. ಸೋಮೇಶ್ವರ ರಾಜನಾಗಿದ್ದಾಗ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ತ್ರಿಕೂಟ. ನಮಗೆ ಮಾತ್ರ ಅದು ಜಗುಲಿ ಇದ್ದ ಹಾಗೆ. ಹುಡುಗರಾಗಿದ್ದಾಗ ಕಣ್ಣಾಮುಚ್ಚಾಲೆ ಆಡಿದ್ದೇ ಅಲ್ಲಿ. ಅಮೆರಿಕದ ಗಾಳಿ ಕುಡಿದು ಬಂದ ಮೇಲೆ ಇದ್ದಕ್ಕಿದ್ದಂತೆ ‘ಪರಂಪರೆ’ ಕಾಣಿಸಿತು ನೋಡಿ, ಪೂರ್ತಿ 25 ನಿಮಿಷ ಗೋಡೆಯ ಶಿಲ್ಪಗಳನ್ನೇ ಹಿಡಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಜೂಮ್ ಇನ್, ಜೂಮ್ ಔಟ್. ಮಿಕ್ಕ ಸಮಯದಲ್ಲಿ ರಾಸುಗಳಿಗೆ ಕಿಚ್ಚು ಹಾಯಿಸಿದ್ದು, ಅವ್ವ ಎಳ್ಳುಬೆಲ್ಲ ಬೀರಿದ್ದು, ತೋಟ, ತಾತ. ಆಮೇಲೆ ಎರಡು ಮೂರು ಸಲ ಬಂದಾಗಲೂ ಹಿಡಿದೆ. ಎಲ್ಲ ಸೇರಿ ಊರಿನ ಕ್ಯಾಸೆಟ್ಟು ಐದಾದವು. 2004ರಲ್ಲಿ ತಾತ ಹೋದರು. ಕ್ಯಾಸೆಟ್ಟು ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಡಬ್ಬ ಒಂದು ಟ್ರಂಕಿನಲ್ಲಿ, ಟ್ರಂಕು ಊರಿನ ಮನೆ ಅಟ್ಟದ ಮೇಲೆ.

ನಮ್ಮ ಕಡೆ ಅಟ್ಟ ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಬೇಕು. ಅದು ಹಳೇ ಸಾಮಾನು ತುಂಬುವ ಜಾಗ ಅಲ್ಲ, ನಮ್ಮ ಬ್ಯಾಂಕು. ಸಿಪ್ಪೆ ಸಮೇತ ತೆಂಗಿನಕಾಯನ್ನು ಅಟ್ಟಕ್ಕೆ ತುಂಬಿ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಕೆಳಗೆ ಒಲೆಯ ಶಾಖ, ಹೊಗೆ. ಒಳಗಿನ ನೀರು ತಾನಾಗೇ ಇಂಗಿ, ಕಾಯಿ ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನುತ್ತೆ. ಅದು ಉಂಡೆ ಕೊಬ್ಬರಿ. ಸುಲಿದು ಒಡೆದು ತಿಪಟೂರು ಮಾರುಕಟ್ಟೆಗೆ ಹಾಕಿದರೆ ವರ್ಷದ ದುಡ್ಡು. ನಾನು ಹಾಸನದಲ್ಲಿ ಬಿಇ ಓದುವಾಗ ಹಾಸ್ಟೆಲಿಗೆ ಬರುತ್ತಿದ್ದ ಡಿಡಿ ಆ ಅಟ್ಟದಿಂದಲೇ ಇಳಿದು ಬರುತ್ತಿತ್ತು. ಕೊಬ್ಬರಿಗೆ ಅಮೃತದಂಥ ಆ ಶಾಖ, ಹೊಗೆ ಮ್ಯಾಗ್ನೆಟಿಕ್ ಟೇಪಿಗೆ ವಿಷ. ಎಂಜಿನಿಯರಾಗಿ ನನಗೆ ಇದು ಗೊತ್ತಿರಬೇಕಿತ್ತು.

ಅವ್ವನಿಗೆ ಮಾತು ಕೊಟ್ಟ ಮುಂದಿನ ವಾರ ಊರಿಗೆ ಹೋಗಿ ಡಬ್ಬ ತಂದೆ. ತೆರೆದರೆ ಕೊಬ್ಬರಿ ಎಣ್ಣೆ ವಾಸನೆ. ಐದು ಕ್ಯಾಸೆಟ್ಟಿನ ಮೇಲೂ ಲೇಬಲ್ ಇಲ್ಲ. ಆಫೀಸಿನಲ್ಲಿ ಜೂನಿಯರ್‌ಗಳಿಗೆ “ಕೋಡಿಗೆ ಕಾಮೆಂಟ್ ಬರೀರೋ” ಅಂತ ಬೈಯುವ ನಾನು ಒಂದರ ಮೇಲೂ ಒಂದಕ್ಷರ ಬರೆದಿರಲಿಲ್ಲ.

ಮೊದಲು ಸೋಮಾರಿ ದಾರಿ ಹಿಡಿದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಕ್ಯಾಸೆಟ್ಟಿನಿಂದ ಡಿವಿಡಿ’ ಬೋರ್ಡಿತ್ತು. ಒಂದಕ್ಕೆ 350 ರೂಪಾಯಿ. ಎರಡು ದಿನ ಬಿಟ್ಟು ಹೋದರೆ ಹುಡುಗ ವಾಪಸ್ ಕೊಟ್ಟ. “ಇದು ಎನ್‌ಟಿಎಸ್‌ಸಿ ಸಾರ್, ನಮ್ಮ ಮಿಷಿನ್ನಲ್ಲಿ ಆಗಲ್ಲ.” ಅಮೆರಿಕದ ಕ್ಯಾಮೆರಾ ಅಲ್ಲಿನ ಟಿವಿಗೆ ತಕ್ಕಂತೆ ಸೆಕೆಂಡಿಗೆ ಸುಮಾರು 30 ಚಿತ್ರ ಹಿಡಿಯುತ್ತೆ, ಅದು ಎನ್‌ಟಿಎಸ್‌ಸಿ. ನಮ್ಮ ದೇಶದ್ದು ಪಾಲ್, ಸೆಕೆಂಡಿಗೆ 25. ಅಂದರೆ ನಮ್ಮ ತಾತ ನುಗ್ಗೇಹಳ್ಳಿಯ ಜಗಲಿ ಬಿಟ್ಟು ಕದಲದೆಯೇ ಅಮೆರಿಕದ ಪ್ರಜೆಯಾಗಿದ್ದರು.

ಸರಿ, ನಾನೇ ಮಾಡ್ತೀನಿ ಅಂತ ಕೂತೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದ್ದೇ ಇರುತ್ತೆ, ಹಾಗಾಗಿ ನಾನು ಎಡವಿದ ಜಾಗಗಳನ್ನು ಹೇಳಿಬಿಡ್ತೀನಿ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇತ್ತು. ಖುಷಿಯಿಂದ ಅದಕ್ಕೆ ವೈರು ಚುಚ್ಚಿದೆ. ಅಂಚೆಚೀಟಿಯಷ್ಟು ಚಿತ್ರ ಬಂತು, ಅದೂ ಕುಂಟುತ್ತಾ. ಟೇಪಿನಲ್ಲಿರೋದು ಇದ್ದದ್ದು ಇದ್ದ ಹಾಗೇ ಬರಬೇಕಾದರೆ ಫೈರ್‌ವೈರ್ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಎಸ್.ಪಿ. ರಸ್ತೆಗೆ ಹೋಗಿ ಒಂದು ಕಾರ್ಡು, ಒಂದು ವೈರು ತಂದೆ. ಆಮೇಲೆ ಮೊದಲ ಕ್ಯಾಸೆಟ್ಟು ಹಾಕಿದರೆ ಚಿತ್ರವೆಲ್ಲ ಚೌಕ ಚೌಕ, ರಂಗೋಲಿ. ಹೆಡ್ ಕ್ಲೀನ್ ಮಾಡೋ ಕ್ಯಾಸೆಟ್ಟು ಒಂದು ಸಲ ಓಡಿಸಿ, ಟೇಪನ್ನು ಕೊನೆತನಕ ಫಾರ್ವರ್ಡ್ ಮಾಡಿ ಮತ್ತೆ ರಿವೈಂಡ್ ಮಾಡಿದ ಮೇಲೆ ಸರಿಹೋಯಿತು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಟೇಪು ಹಿಡಿದುಕೊಂಡಿರುತ್ತೆ, ನಮ್ಮ ಸೊಂಟದ ಹಾಗೆ.

ಅದಾದ ಮೇಲೆ ಇನ್ನೊಂದು ಕಾಟ. ಸರಿಯಾಗಿ ಹತ್ತೊಂಬತ್ತನೇ ನಿಮಿಷಕ್ಕೆ ರೆಕಾರ್ಡಿಂಗ್ ನಿಂತುಬಿಡೋದು. ಎರಡು ಸಲ ಹಾಗೇ ಆಯ್ತು. ಮೂರನೇ ಸಲ ತಲೆ ಓಡಿತು. ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತೆ. ನನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಳೇ ಫ್ಯಾಟ್32 ಪದ್ಧತಿಯದು, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಭಾಗಿಸಿದರೆ ಹತ್ತೊಂಬತ್ತು ನಿಮಿಷ. ಹನ್ನೆರಡು ವರ್ಷ ಸರ್ವೀಸಾದ ಎಂಜಿನಿಯರಿಗೆ ಇದು ಹೊಳೆಯಲು ಎರಡು ರಾತ್ರಿ ಹಿಡಿಯಿತು. ದಯವಿಟ್ಟು ನಮ್ಮ ಮ್ಯಾನೇಜರಿಗೆ ಹೇಳಬೇಡಿ.

ಇಷ್ಟೆಲ್ಲ ಆದ ಮೇಲೆ ಗೊತ್ತಾದ ಅಸಲಿ ವಿಷಯ ಏನಂದರೆ, ಟೇಪಿಗೆ ಅವಸರ ಅನ್ನೋದು ಇಲ್ಲ. ಪೆನ್‌ಡ್ರೈವಿನಿಂದ ಫೈಲು ಎಳೆದ ಹಾಗೆ ಎಳೆಯೋಕಾಗಲ್ಲ. ಒಂದು ಗಂಟೆ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು ಒಂದು ಗಂಟೆಯೇ ಬೇಕು. ಅದು ಓಡುತ್ತಿರುವಾಗ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಮಾಡಿದರೆ ಚಿತ್ರ ತಪ್ಪುತ್ತೆ. ಹಾಗಾಗಿ ರಾತ್ರಿ ಊಟ ಮುಗಿಸಿ, ಮಗಳು ಮಲಗಿದ ಮೇಲೆ, ದಿನಕ್ಕೊಂದರಂತೆ ಹಾಕಿಕೊಂಡು ಸುಮ್ಮನೆ ನೋಡುತ್ತಾ ಕೂತೆ. ಮಾಡಿದ್ದೆಲ್ಲವನ್ನೂ ಪೂರ್ತಿ ನೋಡಿದ್ದು ಅದೇ ಮೊದಲು.

ನೋಡಿದರೆ ನಗು ಬರುತ್ತೆ. ಪ್ರತಿ ಶಾಟಿನ ಜೊತೆಗೂ ಕ್ಯಾಮೆರಾ ತಾರೀಖು, ಗಂಟೆ ಬರೆದಿಟ್ಟಿದೆ. ಆದರೆ ಅದರ ಗಡಿಯಾರ ನ್ಯೂಜೆರ್ಸಿಯದು. ನಾನು ಬದಲಾಯಿಸೋದು ಮರೆತಿದ್ದೆ. ಹತ್ತೂವರೆ ಗಂಟೆ ಹಿಂದೆ. ಸಂಕ್ರಾಂತಿ ಸಂಜೆ ಕತ್ತಲಲ್ಲಿ ಉರಿಯುವ ಹುಲ್ಲಿನ ಮೇಲೆ ಎತ್ತು ನೆಗೆಯುತ್ತಿದ್ದರೆ, ಪರದೆಯಲ್ಲಿ ಬೆಳಿಗ್ಗೆ ಎಂಟೂವರೆ ಅಂತ ಇದೆ. ದೇವಸ್ಥಾನದ 25 ನಿಮಿಷ ನೋಡಿದರೆ ತಲೆ ತಿರುಗುತ್ತೆ, ಕೈ ಅಷ್ಟು ನಡುಗಿದೆ. ಒಂದು ಶಿಲ್ಪದ ಪೀಠದಲ್ಲಿ ಕೆತ್ತಿದ ಅಕ್ಷರಗಳು ಮಾತ್ರ ಸ್ಪಷ್ಟವಾಗಿ ಬಂದಿದ್ದವು. ನಮ್ಮ ದೇವಸ್ಥಾನದ ವಿಗ್ರಹಗಳನ್ನು ಕಡೆದವರಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಅನ್ನುವ ಇಬ್ಬರ ಹೆಸರು ಗೋಡೆಯ ಮೇಲೇ ಇದೆ. ಇಂಥದ್ದು ನಾನು ಮಾಡಿದ್ದು ಅಂತ ಕೆಳಗೆ ಬರೆದು ಹೋಗಿದ್ದಾರೆ. ಏಳೂವರೆ ಶತಮಾನ ದಾಟಿದ ಲೇಬಲ್ಲು. ನನ್ನದು ಎಂಟು ವರ್ಷದ ಹಿಂದಿನ ಕ್ಯಾಸೆಟ್ಟು, ಯಾವುದು ಯಾವುದೋ ಗೊತ್ತಿಲ್ಲ.

ಮೂರನೇ ಕ್ಯಾಸೆಟ್ಟಿನ ನಲವತ್ತೇಳನೇ ನಿಮಿಷಕ್ಕೆ ಬಂದಾಗ ಚಿತ್ರ ಸಡನ್ನಾಗಿ ಅಡ್ಡಡ್ಡ ಆಯ್ತು. ಜಗಲಿ ಕಂಬದ ಬುಡ, ಒಂದು ಜೊತೆ ಹವಾಯ್ ಚಪ್ಪಲಿ, ತಾತನ ಬಲಗಾಲು ಮಂಡಿತನಕ. ಅಷ್ಟೇ. ಹ್ಯಾಂಡಿಕ್ಯಾಮ್ ಇದ್ದವರಿಗೆಲ್ಲ ಈ ತಪ್ಪು ಗೊತ್ತು. ನಿಲ್ಲಿಸೋಣ ಅಂತ ಗುಂಡಿ ಒತ್ತಿರ್ತೀವಿ, ಅದು ಮೊದಲೇ ನಿಂತಿರುತ್ತೆ, ಒತ್ತಿದಾಗ ಶುರುವಾಗುತ್ತೆ. ಕ್ಯಾಮೆರಾನ ಜಗಲಿ ಮೇಲಿಟ್ಟು ನಾನು ಕಾಫಿಗೋ ಎಲ್ಲಿಗೋ ಹೋಗಿದ್ದೀನಿ. ಟೇಪು ಮುಗಿಯುವ ತನಕ, ಅಂದರೆ ಹದಿಮೂರು ನಿಮಿಷ, ಅದೇ ಕಾಲು, ಅದೇ ಚಪ್ಪಲಿ. ನಡುವೆ ಒಂದು ಕೋಳಿ ಬಂದು ಲೆನ್ಸನ್ನು ಕುಟುಕಿ ನೋಡಿ ಹೋಗುತ್ತೆ.

ವೇಸ್ಟು ಅಂದುಕೊಂಡು ಎದ್ದು ನೀರು ಕುಡಿಯೋಕೆ ಹೋದೆ. ಅಷ್ಟರಲ್ಲಿ ತಾತ ಕೆಮ್ಮಿದರು.

ಆ ಕೆಮ್ಮು ನಾನು ಮರೆತೇಬಿಟ್ಟಿದ್ದೆ. ಎರಡು ಸಲ ಸಣ್ಣಕೆ, ಮೂರನೇ ಸಲ ಜೋರು, ಆಮೇಲೆ “ನರಸಿಂಹಾ” ಅನ್ನೋದು. ಕ್ಯಾಮೆರಾ ತಮ್ಮ ಕಡೆ ತಿರುಗಿದ್ದಾಗಲೆಲ್ಲ ತಾತ ಫೋಟೋಗೆ ಕೂತ ಹಾಗೆ ಬಿಗಿಯಾಗಿ ಕೂತಿದ್ದರು, ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಯಾರೂ ಹಿಡಿಯುತ್ತಿಲ್ಲ ಅಂತ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ನಮ್ಮಪ್ಪ. ಮಾತು ತೆಂಗಿಗೆ ಬಂದ ನುಸಿ ಪೀಡೆಯಿಂದ ಶುರುವಾಗುತ್ತೆ; ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲಿ ಕೂತರೂ ಅದೇ ಮಾತು, ಕಾಯಿ ಮುರುಟಿ ನಿಂಬೆಹಣ್ಣಿನಷ್ಟಾಗಿತ್ತು. ಆಮೇಲೆ ಮಳೆ ಇಲ್ಲ ಅನ್ನೋದು, ಹೇಮಾವತಿ ನೀರು ಹೋಗುವ ಬಾಗೂರು–ನವಿಲೆ ಸುರಂಗದ ಸುದ್ದಿ, ಯಾರದೋ ಬಾವಿ ಬತ್ತಿದ್ದು. ಅಲ್ಲಿಂದ ನಮ್ಮ ಬಾವಿ. ಅಲ್ಲಿಂದ ಬಾವಿ ಅಂಚಿನ ಹದಿನೆಂಟು ಮರ.

ತಾತ ಹೇಳ್ತಾರೆ: “ಆ ಸಾಲು ನೆಟ್ಟೋನು ಚಿಕ್ಕೋನು. ಇಸ್ಕೂಲು ಬಿಟ್ಟು ಬಿಂದಿಗೇಲಿ ನೀರು ಹೊತ್ತೋನು ಅವ್ನು. ನೀನು ಓದ್ದೆ, ಮೇಷ್ಟ್ರಾದೆ, ಅದು ಸರಿ. ನಾಳೆ ಭಾಗ ಅಂತ ಬಂದ್ರೆ ಬಾವಿ ಸಾಲು ಅವನಿಗೇ ಇರ್ಲಿ.”

ಅಪ್ಪ ಹೇಳ್ತಾರೆ: “ಹೂಂ ಕಣಪ್ಪ. ಅದರಲ್ಲೇನೈತೆ. ಅವನಿಗೇ ಇರ್ಲಿ.”

ಅಷ್ಟೇ. ಅರ್ಧ ನಿಮಿಷದ ಮಾತು. ಆಮೇಲೆ ಹಸು ಕೊರಳ ಗಂಟೆ ಕೇಳುತ್ತೆ, ಚಿಕ್ಕಪ್ಪ ಹಟ್ಟಿ ಕಡೆಯಿಂದ ಬಂದು “ಏನಣ್ಣ, ಕಾಫಿ ಆಯ್ತಾ” ಅಂತಾರೆ. ಮಾತು ಹಸುವಿನ ಕಡೆ ಹೊರಳುತ್ತೆ. ಟೇಪು ಮುಗಿಯುತ್ತೆ.

ಇದರಲ್ಲಿ ಏನಿದೆ ಅಂತ ನಿಮಗನ್ನಿಸಬಹುದು. ನಮ್ಮ ಮನೆ ಭಾಗ ಆಗಿದ್ದು 2006ರಲ್ಲಿ. ಊರಿನ ನಾಲ್ಕು ಜನ ಕೂತಿದ್ದರು. ಬಾವಿ ಸಾಲು ತನಗೆ ಅಂತ ಅಪ್ಪಯ್ಯ ಹೇಳಿದ್ದ ಅಂತ ಚಿಕ್ಕಪ್ಪ ಅಂದರು. “ಯಾವತ್ತು ಹೇಳಿದ್ದ? ಯಾರ ಮುಂದೆ ಹೇಳಿದ್ದ?” ಅಂತ ಅಪ್ಪ ಕೇಳಿದರು. ಸಾಕ್ಷಿ ಇರಲಿಲ್ಲ. ಅಳತೆ ಪ್ರಕಾರ ಬಾವಿ ಕಡೆ ನಮಗೆ ಬಂತು. ನಡುಮನೆಗೆ ಅಡ್ಡ ಗೋಡೆ ಎದ್ದಿತು. ಅವತ್ತಿಂದ ಅಣ್ಣ ತಮ್ಮ ಮಾತಾಡಿಲ್ಲ. ಒಬ್ಬ ತಾತನಿಗೆ ಒಂದೇ ಸೂರಿನ ಕೆಳಗೆ ಎರಡು ಕಡೆ ಎಡೆ ಬೀಳುತ್ತೆ. ಈ ಕಡೆ ಧೂಪ ಹಾಕಿದರೆ ಗೋಡೆ ಹತ್ತಿ ಆ ಕಡೆಗೂ ಹೋಗುತ್ತೆ.

ಆ ಪಂಚಾಯ್ತಿಗೆ ನಾನು ಹೋಗಿರಲಿಲ್ಲ. ಆದರೆ ಸಾಕ್ಷಿ ಅಷ್ಟು ದಿನವೂ ಅಟ್ಟದ ಮೇಲೆ ಕೊಬ್ಬರಿ ಜೊತೆ ಒಣಗುತ್ತಾ ಕೂತಿತ್ತು. ಅದನ್ನು ಅಲ್ಲಿಟ್ಟವನು ನಾನು. ಇನ್ನೊಂದು ಮಾತೂ ಹೇಳಬೇಕು: ನಾನು ಒಬ್ಬನೇ ಮಗ. ಆ ಹದಿನೆಂಟು ಮರ ನಾಳೆ ಬರೋದು ನನಗೇ.

ಐದು ಗಂಟೆಯ ಚಿತ್ರ ಇಳಿಸಿದ ಮೇಲೆ ಡಿಸ್ಕಿನ ಲೆಕ್ಕ. ಡಿವಿಡಿಯ ಮೇಲೆ 4.7 ಜಿಬಿ ಅಂತ ಬರೆದಿರುತ್ತೆ. ಐದು ಗಂಟೆಯ ಡಿವಿ 65 ಜಿಬಿ. ಅದನ್ನು ಎಂಪೆಗ್-2ಗೆ ಹಿಂಡಿದರೆ ಒಂದು ಡಿಸ್ಕಿನಲ್ಲಿ ಒಂದು ಗಂಟೆ ಚೆನ್ನಾಗಿ ಕೂರುತ್ತೆ, ಎರಡು ಗಂಟೆ ಪರವಾಗಿಲ್ಲ ಅನ್ನೋ ಹಾಗೆ ಕೂರುತ್ತೆ, ಅದಕ್ಕೂ ಮೀರಿ ತುರುಕಿದರೆ ಮುಖಗಳು ಮೇಣದ ಹಾಗಾಗುತ್ತವೆ. ಊರಲ್ಲಿ ಯಾರು ಐದು ಡಿಸ್ಕ್ ಬದಲಾಯಿಸಿ ನೋಡ್ತಾರೆ? ಒಂದೇ ಡಿಸ್ಕು, ಎರಡು ಗಂಟೆ ಅಂತ ತೀರ್ಮಾನ ಮಾಡಿದೆ. ಮೂರು ಗಂಟೆ ಕತ್ತರಿಸಬೇಕು. ನಯಾಗರಾ ಹೇಗೂ ಬೇರೆ ಕ್ಯಾಸೆಟ್ಟು. ಕೈ ನಡುಗಿದ್ದು, ಕತ್ತಲೆ, ಬಸ್ಸಿನ ಕಿಟಕಿಯಿಂದ ಹಿಡಿದಿದ್ದು, ಎಲ್ಲ ಹೋಯಿತು. ಕಾಲು ಮತ್ತು ಚಪ್ಪಲಿಯ ಹದಿಮೂರು ನಿಮಿಷವೂ ಹೋಯಿತು. ಚಿತ್ರವೇ ಇಲ್ಲವಲ್ಲ! ಮೌಸಿನಿಂದ ಶುರುವಿನಲ್ಲೊಂದು ಗೆರೆ, ಕೊನೆಯಲ್ಲೊಂದು ಗೆರೆ, ಡಿಲೀಟ್. ಮೇಲಾಗಿ ತಾರೀಖೂ ತಪ್ಪು, ಅಂತ ನನಗೆ ನಾನೇ ವಕೀಲನಾದೆ. ಸಂಕ್ರಾಂತಿ ಮಾರನೇ ದಿನ ಬೆಳಗಿನ ಎಳೆ ಬಿಸಿಲಲ್ಲಿ ಆಡಿದ ಮಾತಿನ ಮೇಲೆ ಕ್ಯಾಮೆರಾ ಹಿಂದಿನ ರಾತ್ರಿ ಎಂಟೂವರೆ ಅಂತ ಬರೆದಿದೆ. ಇಂಥ ಸಾಕ್ಷಿಗೆ ಏನು ಬೆಲೆ?

ಡಿಸ್ಕ್ ಬರೆದು ಮುಗಿಸಿದೆ. ಹೆಂಡತಿ ಪಕ್ಕದಲ್ಲಿ ಕೂತು ಪೂರ್ತಿ ನೋಡಿದಳು.

“ರೀ, ಮಾವ ಮತ್ತೆ ತಾತ ಮಾತಾಡ್ತಿದ್ದರಲ್ಲ, ಅದೆಲ್ಲಿ?”

ಅವಳು ಅವತ್ತು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿಕೊಂಡಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

“ಡಿಸ್ಕಲ್ಲಿ ಜಾಗ ಸಾಲಲಿಲ್ಲ.”

“ದೇವಸ್ಥಾನ ಇಪ್ಪತ್ತೈದು ನಿಮಿಷ ಇದೆಯಲ್ಲ” ಅಂದಳು. ಎದ್ದು ಒಳಗೆ ಹೋದಳು. ಅಷ್ಟೇ ಅಂದಿದ್ದು.

ರಾತ್ರಿ ನಿದ್ದೆ ಬರಲಿಲ್ಲ. ದೇವಸ್ಥಾನ ಹೋದ ವಾರವೂ ಅಲ್ಲೇ ಇತ್ತು, ಇನ್ನೂ ಏಳೂವರೆ ಶತಮಾನ ಇರುತ್ತೆ. ಅದರ ನನ್ನದಕ್ಕಿಂತ ಸಾವಿರ ಪಾಲು ಚೆಂದದ ಫೋಟೋಗಳು ಬೇಕಾದಷ್ಟಿವೆ. ತಾತನ ಕೆಮ್ಮು ಇರೋದು ಇಡೀ ಪ್ರಪಂಚದಲ್ಲಿ ಆ ಹದಿಮೂರು ನಿಮಿಷದಲ್ಲಿ ಮಾತ್ರ. ಹಿಡಿಯಬೇಕು ಅಂತ ಹಿಡಿದಿದ್ದೆಲ್ಲ ಬೇರೆ ಕಡೆ ಸಿಗುತ್ತೆ, ಮೈಮರೆತು ಹಿಡಿದಿದ್ದು ಮಾತ್ರ ಎಲ್ಲೂ ಸಿಗಲ್ಲ. ಇದು ಎಡಿಟಿಂಗ್ ವಿಷಯಕ್ಕೆ ನನಗೆ ನಾನೇ ಹೇಳಿಕೊಂಡ ಸಮಾಧಾನ. ಮರದ ವಿಷಯ ಬೇರೆ ಇತ್ತು, ಅದು ಎದೆಯಲ್ಲಿ ಹಾಗೇ ಕೂತಿತ್ತು. ಎರಡು ಗಂಟೆಗೆ ಎದ್ದು ದೇವಸ್ಥಾನದಿಂದ ಹದಿಮೂರು ನಿಮಿಷ ಕತ್ತರಿಸಿ, ಜಗಲಿಯನ್ನು ವಾಪಸ್ ಇಟ್ಟೆ. ಬೈಚೋಜ, ಮಲ್ಲಿತಮ್ಮ ಕ್ಷಮಿಸಲಿ. ಡಿಸ್ಕಿನ ವೇಗ ಕಮ್ಮಿ ಇಟ್ಟು ಬರೆದೆ. ಎರಡು ಪ್ರತಿ.

ಎಡೆಯ ಹಿಂದಿನ ದಿನ ರೈಲಲ್ಲಿ ತಿಪಟೂರಿಗೆ ಹೋಗಿ, ಅಲ್ಲಿಂದ ಚನ್ನರಾಯಪಟ್ಟಣದ ಬಸ್ಸು ಹಿಡಿದು ಊರಲ್ಲಿ ಇಳಿದೆ. ಎಲ್ಲರ ಮುಂದೆ ಟಿವಿಯಲ್ಲಿ ಹಾಕಿ ಅಪ್ಪನನ್ನು ಹಿಡಿದು ನಿಲ್ಲಿಸುವುದು ನ್ಯಾಯ ಅಲ್ಲ ಅನ್ನಿಸಿತು. ರಾತ್ರಿ ಅವ್ವ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಾಗ ಅಪ್ಪನನ್ನು ಜಗಲಿಗೆ ಕರೆದೆ. ಲ್ಯಾಪ್‌ಟಾಪ್ ತೆಗೆದು ಇಯರ್‌ಫೋನ್ ಕಿವಿಗೆ ಇಟ್ಟೆ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, ಪರದೆಯಲ್ಲಿ ಬರೀ ಕಾಲು ಇದ್ದದ್ದು ನೋಡಿ “ಇದೇನ್ಲಾ?” ಅಂದರು. ಆಮೇಲೆ ಮಾತಾಡಲಿಲ್ಲ.

ಹದಿಮೂರು ನಿಮಿಷ ನಾನು ಅವರ ಮುಖ ನೋಡದೆ ಬೀದಿ ದೀಪ ನೋಡುತ್ತಾ ಕೂತಿದ್ದೆ. ಮುಗಿದ ಮೇಲೆ “ಇನ್ನೊಂದ್ಸಲ ಹಾಕು” ಅಂದರು. ಹಾಕಿದೆ.

“ನಾನು ಹೂಂ ಅಂದಿದ್ದು ಕೇಳಿಸ್ತದೆ.”

“ಹೂಂ.”

“ಮರ್ತಿದ್ದೆ ಅಂದ್ರೆ ನಂಬ್ತೀಯಾ?”

ನಂಬ್ತೀನಿ ಅಂದೆ. ನಂಬಿದೆನಾ ಇಲ್ಲವಾ ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ನಾನೂ ಒಂದು ರಾತ್ರಿ ಡಿಲೀಟ್ ಒತ್ತಿದ್ದವನೇ ಅಲ್ಲವಾ? ಅಪ್ಪ ಇಯರ್‌ಫೋನ್ ತೆಗೆದು ವೈರು ಸುತ್ತಿ, ಜೋಪಾನವಾಗಿ ನನ್ನ ಕೈಗಿಟ್ಟು, “ಎಷ್ಟು ಮಾಡಿದ್ದೀ ಇದು?” ಅಂತ ಕೇಳಿದರು. ಎರಡು ಅಂದೆ. “ಒಂದು ಅವನಿಗೆ ಕೊಡು” ಅಂದು ಮಲಗಲು ಹೋದರು.

ಮಾರನೇ ದಿನ ಎಡೆ ಇಟ್ಟು ಪೂಜೆ ಆದ ಮೇಲೆ ಟಿವಿಯಲ್ಲಿ ಹಾಕಿದೆವು. ಡಿವಿಡಿ ಪ್ಲೇಯರು ಎನ್‌ಟಿಎಸ್‌ಸಿಗೆ ತಕರಾರು ಮಾಡಲಿಲ್ಲ. ಟವಲ್ಲು ಸುತ್ತಿದ ತಾತ ತೋಟದಲ್ಲಿ ನಡೆದುಬಂದಾಗ ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡರು. ಜಗಲಿಯ ಭಾಗ ಬಂತು, ಕೆಮ್ಮು ಕೇಳಿಸಿತು. ಗೋಡೆಯ ಆ ಕಡೆ ಅಷ್ಟು ಹೊತ್ತು ಕೂಗುತ್ತಿದ್ದ ಟಿವಿ ನಿಂತಿತು.

ಡಿಸ್ಕ್ ಹಿಡಿದು ಹೊರಟೆ. ಹತ್ತು ಹೆಜ್ಜೆ. ನಾಲ್ಕು ವರ್ಷದಲ್ಲಿ ಹಬ್ಬದ ದಿನ ಆ ಬಾಗಿಲಿಗೆ ಹೋಗಿದ್ದು ಅದೇ ಮೊದಲು. ಚಿಕ್ಕವ್ವ “ಬಾ ಮಗ” ಅಂದರು, ನಾನು ಏನು ಅಂತ ಹೇಳುವ ಮೊದಲೇ ಕವರಿಂದ ಡಿಸ್ಕ್ ತೆಗೆದು ಎಡೆಯ ಮುಂದೆ ತಾತನ ಫೋಟೋ ಪಕ್ಕ ಇಟ್ಟು, ಹೊಳೆಯೋ ಕಡೆಗೇ ಅರಿಶಿನ ಕುಂಕುಮ ಹಚ್ಚಿಬಿಟ್ಟರು. “ಅಯ್ಯೋ ಚಿಕ್ಕವ್ವ, ಆ ಕಡೆ ಬ್ಯಾಡ, ಓದಲ್ಲ!” ಅಂತ ಕಿರುಚಿದೆ. ಅವರಲ್ಲಿ ಪ್ಲೇಯರೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಲ್ಯಾಪ್‌ಟಾಪ್ ತಂದೆ.

ಚಿಕ್ಕಪ್ಪ ಗೋಡೆಗೊರಗಿ ಕೂತು ಕೇಳಿದರು. ತಾವೇ ಹಸು ಹೊಡೆದುಕೊಂಡು ಬಂದು “ಏನಣ್ಣ, ಕಾಫಿ ಆಯ್ತಾ” ಅಂದಿದ್ದು ಕೇಳಿಸಿದಾಗ ಮುಖ ಕೆಳಗೆ ಹಾಕಿದರು.

“ಅಣ್ಣ ಕೇಳ್ದನಾ ಇದ?”

“ಕೇಳಿದ್ರು. ಅವರೇ ಕಳಿಸಿದ್ದು.”

ಅವರು ಏನೂ ಅನ್ನಲಿಲ್ಲ. ಚಿಕ್ಕವ್ವ ಎಲೆ ಹಾಕಿದರು. ಆ ದಿನ ಎರಡು ಸಲ ಒಬ್ಬಟ್ಟು ತಿಂದೆ.

ಮರದ ವಿಷಯ ಏನಾಯ್ತು ಅಂತ ಕೇಳ್ತೀರಿ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಣ್ಣ ತಮ್ಮ ತಬ್ಬಿಕೊಳ್ಳಲು ಇದು ಸಿನಿಮಾ ಅಲ್ಲ, ಇನ್ನೂ ನೇರ ಮಾತಿಲ್ಲ. ಆದರೆ ಆಮೇಲೆ ಕಾಯಿ ಕೀಳಿಸುವಾಗ ಅಪ್ಪ ಬಾವಿ ಸಾಲಿಗೆ ಆಳು ಹತ್ತಿಸಲಿಲ್ಲ. ಚಿಕ್ಕಪ್ಪನೂ ಹತ್ತಿಸಲಿಲ್ಲ. ನೀನು ಕೀಳಿಸು ಅಂತ ಒಬ್ಬರಿಗೊಬ್ಬರು ಹೇಳಬೇಕಲ್ಲ, ಹೇಳೋಕೆ ಬಾಯಿ ಬಿಡಬೇಕಲ್ಲ. ಬಲಿತ ಕಾಯಿ ತಾವಾಗೇ ಬೀಳುತ್ತಿವೆ. ಅವ್ವ ಆಯ್ದು ತಂದು ಚಿಕ್ಕವ್ವನ ಅಟ್ಟಕ್ಕೆ ಹಾಕ್ತಾರಂತೆ, ಚಿಕ್ಕವ್ವ ಅದರಲ್ಲೇ ಹತ್ತು ಕಾಯಿ ವಾಪಸ್ ತಂದಿಡ್ತಾರಂತೆ. ಫೋನಿನಲ್ಲಿ ಹೇಳಿ ಅವ್ವ ನಗುತ್ತಿದ್ದರು.

ನಿಮ್ಮ ಮನೆಯ ಡಬ್ಬವನ್ನೂ ಈ ಭಾನುವಾರ ಇಳಿಸಿ. ಮದುವೆ ವಿಎಚ್‌ಎಸ್ ಇರಬಹುದು, ಹೃದಯದ ಆಕಾರದೊಳಗೆ ವಧೂವರರು ತಿರುಗುವಂಥದ್ದು. ಅದನ್ನು ಓಡಿಸುವ ಮಿಷಿನ್ನು ಸಿಗೋದು ದಿನೇ ದಿನೇ ಕಷ್ಟ. ಡಿಸ್ಕೂ ಶಾಶ್ವತ ಅಲ್ಲ, ಬಿಸಿಲಿಗೆ ಇಟ್ಟರೆ ಅದರ ಬಣ್ಣವೂ ಮಾಸಿ ಓದದಂತಾಗುತ್ತೆ. ಹಾಗಾಗಿ ಹಿಂಡದ ಮೂಲ ಫೈಲುಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಕತ್ತರಿಸುವ ಮೊದಲು ಸೌಂಡ್ ಜಾಸ್ತಿ ಮಾಡಿ ಒಂದು ಸಲ ಪೂರ್ತಿ ಕೇಳಿ. ಆಮೇಲೆ ಲೇಬಲ್ ಬರೆಯಿರಿ. ಬಾಲ್‌ಪೆನ್ನಲ್ಲಿ ಬೇಡ, ಸೀಡಿ ಮಾರ್ಕರಿನಲ್ಲಿ.

ನಾನು ಬರೆದದ್ದು ಇಷ್ಟು: ‘ನುಗ್ಗೇಹಳ್ಳಿ. ಸಂಕ್ರಾಂತಿ 2002 ಮತ್ತು ಆಮೇಲೆ. ಜಗಲಿಯ ಮೇಲೆ ಮಾತಾಡಿದವರು ತಾತ, ಅಪ್ಪ, ಚಿಕ್ಕಪ್ಪ. ಗಡಿಯಾರ ಹತ್ತೂವರೆ ಗಂಟೆ ಹಿಂದಿದೆ.’